ಚಾನೆಲ್ ಮ್ಯಾಪ್ ಎಲ್ಲಿಡುವುದು: ಕೋಡಲ್ಲೋ, ಫೈಲಲ್ಲೋ, ಡೇಟಾಬೇಸಲ್ಲೋ?

ಕಣಭೌತಶಾಸ್ತ್ರದ ಡಿಟೆಕ್ಟರಿನಿಂದ ಬರುವ ಕಚ್ಚಾ ಡೇಟಾದಲ್ಲಿ, ಕಣ ಎಲ್ಲಿ ಹಾದುಹೋಯಿತು ಎಂದು ಬರೆದಿರುವುದಿಲ್ಲ. ಇರುವುದು ಇಷ್ಟೇ: ಇಂಥ ಕ್ರೇಟ್ (ಬೋರ್ಡುಗಳನ್ನು ಕೂರಿಸುವ ಪೆಟ್ಟಿಗೆ), ಇಂಥ ಸ್ಲಾಟ್, ಇಂಥ ಫೈಬರ್, ಅದರೊಳಗೆ ಇಷ್ಟನೇ ಚಾನೆಲ್, ಅಲ್ಲಿ ಬಂದ ಎಡಿಸಿ ಎಣಿಕೆ (ಸಿಗ್ನಲ್ಲಿನ ಗಾತ್ರ, ಅಂಕಿಯಲ್ಲಿ) ಇಷ್ಟು. ಆ ಚಾನೆಲ್ಲಿನ ಇನ್ನೊಂದು ತುದಿಯಲ್ಲಿ ಯಾವ ತಂತಿ ಇದೆ, ಯಾವ ಹರಳು ಇದೆ ಎಂದು ಹೇಳುವುದು ಚಾನೆಲ್ ಮ್ಯಾಪ್. ಇದು ತಪ್ಪಿದರೆ ಪ್ರೋಗ್ರಾಂ ನಿಲ್ಲುವುದಿಲ್ಲ. ಎರರ್ ಕೂಡ ಬರುವುದಿಲ್ಲ. ಎಲ್ಲ ಸರಿಯಾಗಿದೆ ಅನ್ನಿಸುವಂಥ, ಆದರೆ ಜಾಗ ತಪ್ಪಿದ ಡೇಟಾ ಸುಮ್ನೆ ಬರುತ್ತಾ ಹೋಗುತ್ತದೆ. ಅದಕ್ಕೇ ಈ ಆಯ್ಕೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು ಅಂತ ನಾನು ಗಟ್ಟಿಯಾಗಿ ಹೇಳುವುದು.

ಮುಖ್ಯವಾಗಿ ನಾಲ್ಕು ದಾರಿಗಳಿವೆ. ನಂಬರುಗಳ ಲೆಕ್ಕಾಚಾರವನ್ನೇ ಕೋಡಿನಲ್ಲಿ ಸೂತ್ರವಾಗಿ ಬರೆಯುವುದು. ಒಂದು ಚಾನೆಲ್ಲಿಗೆ ಒಂದು ಸಾಲಿನಂತೆ ಟೆಕ್ಸ್ಟ್ ಫೈಲಿನಲ್ಲಿ ಇಡುವುದು. ಯಾವ ರನ್ನಿನಿಂದ (ರನ್ ಅಂದರೆ ಒಂದು ಸಲ ಡೇಟಾ ಸಂಗ್ರಹಿಸುವ ಅವಧಿ) ಯಾವ ರನ್ನಿನವರೆಗೆ ಅನ್ನುವ ಲೆಕ್ಕದ ಜೊತೆ ಡೇಟಾಬೇಸಿನಲ್ಲಿ ಇಡುವುದು. ಇಲ್ಲವೇ ಹಾರ್ಡ್‌ವೇರೇ ತನ್ನ ಗುರುತನ್ನು ಹೇಳುವಂತೆ ಮಾಡುವುದು. ಸಾಮಾನ್ಯವಾಗಿ ಗುಂಪುಗಳು ಇದರಲ್ಲಿ ಒಂದನ್ನು ಹಿಡಿದು ಇಡೀ ಡಿಟೆಕ್ಟರಿಗೆ ಅದನ್ನೇ ಹಚ್ಚುತ್ತವೆ. ತೊಂದರೆ ಶುರುವಾಗುವುದೇ ಅಲ್ಲಿ. ಚಾನೆಲ್ ಮ್ಯಾಪ್ ಒಂದು ಸರಪಳಿ. ಅದರ ಕೆಲವು ಕೊಂಡಿಗಳು ಯಾವತ್ತೂ ಬದಲಾಗುವುದಿಲ್ಲ, ಕೆಲವು ಪ್ರತಿ ರಿಪೇರಿಯಲ್ಲೂ ಬದಲಾಗುತ್ತವೆ. ಆಯ್ಕೆಯನ್ನು ಕೊಂಡಿಕೊಂಡಿಗೂ ಬೇರೆಯಾಗಿ ಮಾಡಬೇಕು.

ಮೊದಲು ಸರಪಳಿ ಬಿಡಿಸಿ

ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನಲ್ಲಿ 2018ರಲ್ಲಿ ಕಣದ ಬೀಮ್ ಪಡೆದ ಪ್ರೋಟೋಡ್ಯೂನ್ ದ್ರವ ಆರ್ಗಾನ್ ಡಿಟೆಕ್ಟರನ್ನೇ ತೆಗೆದುಕೊಳ್ಳಿ. ಅದರಲ್ಲಿ ತಂತಿ ಸುತ್ತಿದ ದೊಡ್ಡ ಚೌಕಟ್ಟುಗಳು ಆರು. ಒಂದು ಚೌಕಟ್ಟಿಗೆ 2,560 ಚಾನೆಲ್, ಒಟ್ಟು 15,360. ಒಂದು ಚೌಕಟ್ಟಿನಲ್ಲಿ ಓರೆಯಾಗಿ ಹೋಗುವ ಎರಡು ಪದರಗಳಿಗೆ 800ರಂತೆ, ನೇರ ನಿಂತ ಪದರಕ್ಕೆ 960 ಚಾನೆಲ್. ಇವನ್ನು ಓದಲು 20 ಬೋರ್ಡ್. ಪ್ರತಿ ಬೋರ್ಡಿನಲ್ಲಿ 16 ಚಾನೆಲ್‌ಗಳ ಎಂಟು ಚಿಪ್, ಅಂದರೆ 128 ಚಾನೆಲ್. ಆ 128ರಲ್ಲಿ 40 ಒಂದು ಓರೆ ಪದರಕ್ಕೆ, 40 ಇನ್ನೊಂದಕ್ಕೆ, 48 ನೇರ ಪದರಕ್ಕೆ.

ಈಗ ಕೊಂಡಿಗಳನ್ನು ನೋಡಿ. ಚಿಪ್ಪಿನ ಇಷ್ಟನೇ ಕಾಲು ಬೋರ್ಡಿನ ಇಷ್ಟನೇ ಪಿನ್ನಿಗೆ ಹೋಗುತ್ತದೆ ಅನ್ನುವುದು ಬೋರ್ಡ್ ಅಚ್ಚಾದ ದಿನವೇ ತೀರ್ಮಾನವಾಯಿತು. ಅದು ತಾಮ್ರದಲ್ಲಿ ಕೊರೆದ ಮಾತು. ಬೋರ್ಡಿನ ವಿನ್ಯಾಸ ಬದಲಾಗುವ ತನಕ ಎಲ್ಲ ಬೋರ್ಡಿಗೂ ಒಂದೇ. ಬೋರ್ಡು ಚೌಕಟ್ಟಿನ ಯಾವ ಜಾಗದಲ್ಲಿ ಕೂತಿದೆ ಅನ್ನುವುದು ಜೋಡಣೆಯ ಹೊತ್ತಿನಲ್ಲಿ ಮನುಷ್ಯರು ಮಾಡಿದ ಕೆಲಸ. ಆರ್ಗಾನ್ ತುಂಬಿದ ಮೇಲೆ ಅದನ್ನು ಮುಟ್ಟುವ ಹಾಗಿಲ್ಲ. ತಪ್ಪಿದ್ದರೆ ಮ್ಯಾಪಿನಲ್ಲೇ ಸರಿಮಾಡಿಕೊಳ್ಳಬೇಕು. ಬೋರ್ಡಿನಿಂದ ಹೊರಗೆ ಬಂದ ಕೇಬಲ್ ಯಾವ ಸ್ಲಾಟಿಗೆ ಹೋಯಿತು, ಆಮೇಲೆ ಫೈಬರ್ ಯಾವ ಕಂಪ್ಯೂಟರಿಗೆ ಹೋಯಿತು ಅನ್ನುವುದು ಮಾತ್ರ ಯಾವ ರಾತ್ರಿ ಬೇಕಾದರೂ ಬದಲಾಗಬಹುದು. ಒಂದು ಪೋರ್ಟ್ ಕೆಟ್ಟರೆ ಪಕ್ಕದ್ದಕ್ಕೆ ಚುಚ್ಚುತ್ತಾರೆ, ಅಷ್ಟೇ.

ಒಂದೇ ಡಿಟೆಕ್ಟರಿನಲ್ಲಿ ಮೂರು ಕೊಂಡಿ, ಮೂರು ಬೇರೆ ಸ್ವಭಾವ. ಇವನ್ನೆಲ್ಲ ಸೇರಿಸಿ 15,360 ಸಾಲಿನ ಒಂದೇ ದೊಡ್ಡ ಪಟ್ಟಿ ಮಾಡಿಟ್ಟರೆ, ಒಂದು ಕೇಬಲ್ ಬದಲಾದಾಗ 128 ಸಾಲು ತಿದ್ದಬೇಕಾಗುತ್ತದೆ. ಬಿಡಿಸಿ ಇಟ್ಟರೆ ಒಂದೇ ಸಾಲು. ಮನುಷ್ಯನ ಕಣ್ಣು ಒಂದು ಸಾಲಿನ ಬದಲಾವಣೆಯನ್ನು ಪರೀಕ್ಷಿಸಬಲ್ಲದು. 128 ಸಾಲಿನದನ್ನು ನಂಬುತ್ತದೆ, ಓದುವುದಿಲ್ಲ.

ಇನ್ನೊಂದು ವಿಷಯ. ಒಂದು ಚಾನೆಲ್ಲಿಗೆ ಒಂದೇ ಜಾಗ ಅಂತ ಮೊದಲೇ ತೀರ್ಮಾನಿಸಬೇಡಿ. ಪ್ರೋಟೋಡ್ಯೂನ್‌ನ ಓರೆ ತಂತಿಗಳು ಚೌಕಟ್ಟಿಗೆ ಸುತ್ತಿಕೊಂಡು ಎರಡೂ ಮುಖಗಳಲ್ಲಿ ಹಾಯುತ್ತವೆ. ಒಂದು ಚಾನೆಲ್ಲಿಗೆ ಹಲವು ತುಂಡು ತಂತಿಗಳು. ಮ್ಯಾಪಿನ ರಚನೆ ಒಂದಕ್ಕೆ ಹಲವು ಅನ್ನುವುದನ್ನು ತಡೆದುಕೊಳ್ಳದಿದ್ದರೆ, ಆಮೇಲೆ ಕೋಡಿನ ತುಂಬ ತೇಪೆ ಹಾಕುತ್ತಾ ಕೂರಬೇಕು.

ಕೋಡಿನೊಳಗಿನ ಸೂತ್ರ

ಸೂತ್ರ ಚೆನ್ನಾಗಿ ಕೆಲಸ ಮಾಡುವ ಜಾಗ ನೋಡಬೇಕಾದರೆ ಸರ್ನ್‌ನದ್ದೇ ಆದ ಸಿಎಂಎಸ್ ಪ್ರಯೋಗದ ವಿದ್ಯುತ್ಕಾಂತೀಯ ಕ್ಯಾಲೊರಿಮೀಟರ್ (ಎಲೆಕ್ಟ್ರಾನ್, ಫೋಟಾನ್‌ಗಳ ಶಕ್ತಿ ಅಳೆಯುವ ಭಾಗ) ನೋಡಿ. ಅದರ ನಡುವಿನ ಪೀಪಾಯಿ ಭಾಗದಲ್ಲಿ 61,200 ಸೀಸದ ಟಂಗ್‌ಸ್ಟೇಟ್ ಹರಳುಗಳಿವೆ. 36 ಸೂಪರ್‌ಮಾಡ್ಯೂಲ್, ಒಂದೊಂದರಲ್ಲಿ 1,700 ಹರಳು. ಆ 1,700 ಅಂದರೆ 25 ಹರಳುಗಳ 68 ಗೋಪುರ. ಉದ್ದಕ್ಕೆ 170, ಸುತ್ತಲೂ 360. ಇಷ್ಟು ಕ್ರಮಬದ್ಧವಾಗಿ ಕಟ್ಟಿದ್ದನ್ನು ಸೂತ್ರದಲ್ಲಿ ಹೇಳುವುದು ಸಹಜ. ಹರಳಿನ ಗುರುತು 32 ಬಿಟ್‌ಗಳ ಒಂದು ಸಂಖ್ಯೆಯಲ್ಲಿ ಕೂರುತ್ತದೆ. ಮೇಲಿನ ಬಿಟ್‌ಗಳು ಯಾವ ಡಿಟೆಕ್ಟರ್, ಅದರ ಯಾವ ಭಾಗ ಎಂದು ಹೇಳುತ್ತವೆ. ಕೆಳಗಿನ 9 ಬಿಟ್ ಸುತ್ತಿನ ನಂಬರಿಗೆ, ಅದರ ಮೇಲಿನ 7 ಬಿಟ್ ಉದ್ದದ ನಂಬರಿಗೆ, ಇನ್ನೊಂದು ಬಿಟ್ ಯಾವ ಕಡೆ ಅನ್ನುವುದಕ್ಕೆ.

ಇಲ್ಲಿ ಒಂದು ಸಣ್ಣ ವಿವರವನ್ನು ಗಮನಿಸಿ. ಉದ್ದದ ನಂಬರು ಒಂದು ಕಡೆ 1ರಿಂದ 85, ಇನ್ನೊಂದು ಕಡೆ ಮೈನಸ್ 1ರಿಂದ ಮೈನಸ್ 85. ನಡುವೆ ಸೊನ್ನೆ ಇಲ್ಲ. ಪಕ್ಕದ ಹರಳು ಹುಡುಕಲು ಸುಮ್ಮನೆ ಒಂದು ಕೂಡಿಸಿದರೆ, ಮೈನಸ್ 1ರ ಪಕ್ಕ ಇಲ್ಲದ ಹರಳು ಸಿಗುತ್ತದೆ. ಸುತ್ತಿನ ನಂಬರಿಗೂ ಇಂಥದ್ದೇ ತೊಡಕಿದೆ: 360ರ ಪಕ್ಕದ್ದು 361 ಅಲ್ಲ, 1. ಸೂತ್ರ ಬರೆಯುವವರು ಇಂಥ ಅಂಚುಗಳನ್ನು ಒಂದೇ ಕಡೆ, ಒಂದೇ ಫಂಕ್ಷನ್ನಿನಲ್ಲಿ ಕಟ್ಟಿಹಾಕಬೇಕು. ಬಳಸುವ ಪ್ರತಿಯೊಬ್ಬರೂ ತಮ್ಮ ಕೋಡಿನಲ್ಲಿ ಕೂಡಿಸುವುದು ಕಳೆಯುವುದು ಶುರುಮಾಡಿದರೆ ಮುಗೀತು.

ಸೂತ್ರದ ದೌರ್ಬಲ್ಯ ಡಿಟೆಕ್ಟರ್ ಬೆಳೆದಾಗ ಕಾಣುತ್ತದೆ. ಸಿಎಂಎಸ್‌ನ ಹ್ಯಾಡ್ರಾನ್ ಕ್ಯಾಲೊರಿಮೀಟರನ್ನು (ಪ್ರೋಟಾನಿನಂಥ ಕಣಗಳ ಶಕ್ತಿ ಅಳೆಯುವ ಭಾಗ) ನವೀಕರಿಸಿದಾಗ ಆಳದ ಪದರಗಳನ್ನು ಇನ್ನಷ್ಟು ಸಣ್ಣದಾಗಿ ಓದುವಂತೆ ಮಾಡಿದರು. ಹಳೆಯ ಗುರುತಿನಲ್ಲಿ ಆಳಕ್ಕೆ ಇಟ್ಟಿದ್ದ ಬಿಟ್‌ಗಳು ಸಾಲಲಿಲ್ಲ. ಎರಡನೆಯ ಮಾದರಿಯ ಗುರುತು ಬಂತು. ಹಳೆಯ ಡೇಟಾ ಇನ್ನೂ ಓದಬೇಕಲ್ಲ, ಹಾಗಾಗಿ ಕೋಡು ಎರಡನ್ನೂ ಗುರುತಿಸಬೇಕಾಯಿತು. ಬಿಟ್‌ಗಳಲ್ಲಿ ಗುರುತು ತುಂಬುವವರು ಈಗ ಬೇಕಾದುದಕ್ಕಿಂತ ಒಂದೆರಡು ಬಿಟ್ ಜಾಸ್ತಿ ಬಿಡಬೇಕು, ಜೊತೆಗೆ ಮಾದರಿ ಎಷ್ಟನೆಯದು ಎಂದು ಹೇಳಲು ಒಂದು ಬಿಟ್ ಮೊದಲೇ ಎತ್ತಿಡಬೇಕು.

ಸೂತ್ರ ಬೇಗ, ಪಟ್ಟಿ ನಿಧಾನ ಎನ್ನುವ ಕಾರಣ ಕೇಳಿಬರುತ್ತದೆ. ಅದನ್ನು ಒಪ್ಪಬೇಡಿ. 61,200 ಸಾಲಿಗೆ ತಲಾ 4 ಬೈಟ್ ಹಾಕಿದರೆ 2,44,800 ಬೈಟ್. ಅದು ಈಗಿನ ಪ್ರೊಸೆಸರಿನ ಕ್ಯಾಶಿನಲ್ಲೇ ಕೂರುತ್ತದೆ. ಸೊನ್ನೆಯಿಂದ ಒತ್ತಾಗಿ ನಂಬರು ಕೊಟ್ಟು ಒಂದು ಅರೇ ಮಾಡಿಟ್ಟರೆ ಹುಡುಕಾಟವೇ ಇಲ್ಲ. ವೇಗದ ನೆಪದಲ್ಲಿ ಸೂತ್ರ ಆರಿಸಬೇಕಾಗಿಲ್ಲ. ಬದಲಾಗದ ಕೊಂಡಿ ಅನ್ನುವ ಕಾರಣಕ್ಕೆ ಮಾತ್ರ ಆರಿಸಿ.

ಮತ್ತೆ, ಕೋಡಿನಲ್ಲಿ "ಇಂಥ ರನ್ ಆದಮೇಲೆ ಇಂಥ ಕ್ರೇಟಾದರೆ ಎರಡು ಚಾನೆಲ್ ಅದಲುಬದಲು ಮಾಡು" ಅನ್ನುವ ಸಾಲು ಕಂಡ ದಿನ ಆ ಕೊಂಡಿಗೆ ಸೂತ್ರ ಸಾಕು ಅನ್ನುವ ಕಾಲ ಮುಗಿದಿದೆ. ಅದನ್ನು ಪಟ್ಟಿಗೆ ಎತ್ತಿಬಿಡಿ. ಅಂಥ ಎರಡನೇ ಸಾಲು ಬರುವ ತನಕ ಕಾಯಬೇಡಿ.

ಟೆಕ್ಸ್ಟ್ ಫೈಲು

ನನ್ನ ಒಲವು ಇದರ ಕಡೆಗೇ. ಯಾಕೆಂದರೆ ಕೇಬಲ್ ಕೈಯಲ್ಲಿ ಹಿಡಿದವರು ಓದಬಲ್ಲದ್ದು ಇದೊಂದೇ. ಸಿಎಂಎಸ್‌ನ ಹ್ಯಾಡ್ರಾನ್ ಕ್ಯಾಲೊರಿಮೀಟರಿನಲ್ಲಿ ಇಮ್ಯಾಪ್ ಅನ್ನುವ ಫೈಲುಗಳಿವೆ. ಪ್ರತಿ ಸಾಲಿನ ಎಡಗಡೆ ಕ್ರೇಟ್, ಸ್ಲಾಟ್, ಫೈಬರ್, ಫೈಬರಿನೊಳಗಿನ ಚಾನೆಲ್. ಬಲಗಡೆ ಡಿಟೆಕ್ಟರಿನ ಭಾಗ, ಉದ್ದದ ನಂಬರು, ಸುತ್ತಿನ ನಂಬರು, ಆಳ. ಎಡಗಡೆ ವಿದ್ಯುತ್ತಿನ ಲೋಕ, ಬಲಗಡೆ ಭೌತಶಾಸ್ತ್ರದ ಲೋಕ. ಪದ ಹುಡುಕುವ ಒಂದು ಗ್ರೆಪ್ ಕಮಾಂಡ್ ಸಾಕು, ಬೇಕಾದ ಸಾಲು ಸಿಗುತ್ತದೆ. ಪ್ರೋಟೋಡ್ಯೂನ್ ಕೂಡ ತಂತಿಗಳ ಮ್ಯಾಪಿಗೆ ಟೆಕ್ಸ್ಟ್ ಫೈಲನ್ನೇ ಇಟ್ಟುಕೊಂಡಿತು.

ಫೈಲಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನಲ್ಲಿ ಇಟ್ಟರೆ ಯಾರು, ಯಾವತ್ತು, ಯಾವ ಸಾಲು ಬದಲಿಸಿದರು ಅನ್ನುವುದು ತಾನಾಗಿ ದಾಖಲಾಗುತ್ತದೆ. ಆದರೆ ಅದಕ್ಕೆ ಎರಡು ಶಿಸ್ತು ಬೇಕು. ಸಾಲುಗಳು ಯಾವಾಗಲೂ ಒಂದೇ ಕ್ರಮದಲ್ಲಿ ಇರಬೇಕು. ಸ್ಕ್ರಿಪ್ಟು ಒಮ್ಮೆ ಬೇರೆ ಕ್ರಮದಲ್ಲಿ ಬರೆದರೂ ಇಡೀ ಫೈಲೇ ಬದಲಾದ ಹಾಗೆ ಕಾಣುತ್ತದೆ, ನಿಜವಾಗಿ ಬದಲಾದ ಒಂದು ಸಾಲು ಅದರಲ್ಲಿ ಮುಳುಗಿಹೋಗುತ್ತದೆ. ಎರಡನೆಯದು, ಕಾಲಂಗಳ ಹೆಸರು, ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ ಅನ್ನುವುದು, ಕನೆಕ್ಟರನ್ನು ಯಾವ ಮುಖದಿಂದ ನೋಡಿ ಪಿನ್ ಎಣಿಸಿದ್ದು ಅನ್ನುವುದು ಫೈಲಿನ ತಲೆಯಲ್ಲೇ ಬರೆದಿರಬೇಕು. ಈ ಕೊನೆಯದು ಮಾತಿಗೆ ಸಿಗದೇ ಹೋಗುವ ವಿಷಯ. ಒಬ್ಬರು ಕೇಬಲ್ ಚುಚ್ಚುವ ಕಡೆಯಿಂದ ನೋಡುತ್ತಾರೆ, ಇನ್ನೊಬ್ಬರು ಬೆಸುಗೆಯ ಕಡೆಯಿಂದ. ಇಬ್ಬರ ಪಿನ್ 1 ಬೇರೆ ಬೇರೆ ಮೂಲೆಯಲ್ಲಿ ಇರುತ್ತದೆ.

ಜೇಸನ್, ಎಕ್ಸ್‌ಎಂಎಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಲಾಗಿ ಬರುವ ಪಟ್ಟಿಗೆ ಅವುಗಳ ಭಾರ ಬೇಡ. ಜೇಸನ್‌ನಲ್ಲಿ ಕಾಮೆಂಟ್ ಬರೆಯಲಿಕ್ಕೂ ಜಾಗವಿಲ್ಲ, ಇಲ್ಲಿ ಕಾಮೆಂಟೇ ಅರ್ಧ ಜೀವ.

ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟ್ ಮಾತ್ರ ಮೂಲ ದಾಖಲೆಯಾಗಿ ಬೇಡವೇ ಬೇಡ. ಜೋಡಣೆಯ ಹಾಲಿನಲ್ಲಿ ಟಿಕ್ ಹಾಕಿಕೊಳ್ಳಲು ಅನುಕೂಲ, ನಿಜ. ಆದರೆ ಅದು ನಂಬರಿನ ಎಡಗಡೆಯ ಸೊನ್ನೆಗಳನ್ನು ತಿಂದುಹಾಕುತ್ತದೆ. ಹೆಕ್ಸ್‌ನಲ್ಲಿ (ಅಂಕಿಗಳ ಜೊತೆ ಎಯಿಂದ ಎಫ್‌ವರೆಗಿನ ಅಕ್ಷರಗಳನ್ನೂ ಬಳಸುವ ಎಣಿಕೆ) ಬರೆದ ಸೀರಿಯಲ್ ನಂಬರಿನಲ್ಲಿ ಅಂಕಿಗಳ ಮಧ್ಯೆ ಇಂಗ್ಲಿಷಿನ ಇ ಅಕ್ಷರ ಒಂದೇ ಇದ್ದರೆ, ಅದನ್ನು ಹತ್ತರ ಘಾತ ಎಂದು ತಿಳಿದು ದೊಡ್ಡ ಸಂಖ್ಯೆ ಮಾಡಿಬಿಡುತ್ತದೆ. ಸೇವ್ ಮಾಡಿದ ಮೇಲೆ ಹಳೆಯದು ಸಿಗುವುದಿಲ್ಲ.

ಟೆಕ್ಸ್ಟ್ ಫೈಲಿನ ನಿಜವಾದ ಕೊರತೆ ಕಾಲ. ಇವತ್ತಿನ ಮ್ಯಾಪ್ ಚೆನ್ನಾಗಿ ಹೇಳುತ್ತದೆ. ಹೋದ ವರ್ಷದ ರನ್ ಓದುವಾಗ ಯಾವ ಆವೃತ್ತಿ ಹಾಕಬೇಕು ಅನ್ನುವುದು ಫೈಲಿಗೆ ಗೊತ್ತಿಲ್ಲ. ನಾಲ್ಕೈದು ಆವೃತ್ತಿ ಇರುವ ತನಕ "ಈ ರನ್ನಿನಿಂದ ಈ ಫೈಲು" ಅನ್ನುವ ಇನ್ನೊಂದು ಸಣ್ಣ ಪಟ್ಟಿಯಿಂದ ಸಂಭಾಳಿಸಬಹುದು. ಅದು ಉದ್ದವಾಗುತ್ತಾ ಹೋದರೆ, ನೀವು ಕೈಯಲ್ಲೇ ಒಂದು ಡೇಟಾಬೇಸ್ ಕಟ್ಟುತ್ತಿದ್ದೀರಿ ಅಂತ ಅರ್ಥ, ಅಲ್ವಾ?

ಕಾಲದ ಲೆಕ್ಕ ಇಡುವ ಡೇಟಾಬೇಸು

ದೊಡ್ಡ ಪ್ರಯೋಗಗಳು ಕೊನೆಗೆ ಇಲ್ಲಿಗೇ ಬರುತ್ತವೆ. ಸರ್ನ್‌ನ ಇನ್ನೊಂದು ಪ್ರಯೋಗವಾದ ಅಟ್ಲಾಸ್‌ನ ದ್ರವ ಆರ್ಗಾನ್ ಕ್ಯಾಲೊರಿಮೀಟರಿನಲ್ಲಿ 1,82,468 ಕೋಶಗಳಿವೆ. ಅವುಗಳಿಗೆ ಎರಡು ಗುರುತು: ವಿದ್ಯುತ್ತಿನ ಕಡೆಯ ಆನ್‌ಲೈನ್ ಗುರುತು, ಭೌತಶಾಸ್ತ್ರದ ಕಡೆಯ ಆಫ್‌ಲೈನ್ ಗುರುತು. ಇವೆರಡನ್ನು ಜೋಡಿಸುವ ಪಟ್ಟಿ ಡೇಟಾಬೇಸಿನಲ್ಲಿದೆ. ಪ್ರತಿ ದಾಖಲೆಗೂ ಇಲ್ಲಿಂದ ಇಲ್ಲಿಯವರೆಗೆ ಎಂಬ ಅವಧಿ, ಆವೃತ್ತಿಗೆ ಒಂದು ಟ್ಯಾಗ್. ರನ್ ನಂಬರು ಕೊಟ್ಟರೆ ಆ ಹೊತ್ತಿನ ಮ್ಯಾಪ್ ಬರುತ್ತದೆ. ಜಪಾನಿನ ಬೆಲ್ 2 ಪ್ರಯೋಗದಲ್ಲೂ ಇದೇ ಯೋಚನೆ. ಎಲ್ಲ ಟ್ಯಾಗ್‌ಗಳನ್ನು ಒಟ್ಟುಗೂಡಿಸಿದ ಒಂದು ಜಾಗತಿಕ ಟ್ಯಾಗಿನ ಹೆಸರು ಹೇಳಿದರೆ ಸಾಕು, ಯಾವ ಮಾಹಿತಿಯ ಮೇಲೆ ಫಲಿತಾಂಶ ನಿಂತಿದೆ ಎಂದು ಗೊತ್ತಾಗುತ್ತದೆ.

ಅಟ್ಲಾಸ್‌ನ ಅದೇ ಅಂಕಿಯಲ್ಲಿ ಇನ್ನೊಂದು ಪಾಠ ಇದೆ. ಅಲ್ಲಿರುವ ಫ್ರಂಟ್‌ಎಂಡ್ ಬೋರ್ಡುಗಳು 1,524, ಒಂದೊಂದರಲ್ಲಿ 128 ಚಾನೆಲ್. ಗುಣಿಸಿದರೆ 1,95,072. ಕೋಶಗಳಿಗಿಂತ 12,604 ಜಾಸ್ತಿ. ಅಂದರೆ ಅಷ್ಟು ಚಾನೆಲ್ಲಿನ ಇನ್ನೊಂದು ತುದಿಯಲ್ಲಿ ಏನೂ ಇಲ್ಲ. ಇಂಥವನ್ನು ಮ್ಯಾಪಿನಿಂದ ಬಿಟ್ಟುಬಿಡಬಾರದು. "ಯಾವುದಕ್ಕೂ ಜೋಡಿಸಿಲ್ಲ" ಅನ್ನುವ ಸ್ಪಷ್ಟ ಬೆಲೆ ಕೊಟ್ಟು ಬರೆಯಬೇಕು. ಸಾಲು ಇಲ್ಲದಿದ್ದರೆ ಅದು ಜೋಡಿಸದ ಚಾನೆಲ್ಲೋ, ಯಾರೋ ಮರೆತ ಚಾನೆಲ್ಲೋ ಹೇಗೆ ಗೊತ್ತಾಗಬೇಕು?

ಡೇಟಾಬೇಸಿನ ಖರ್ಚೂ ಸಣ್ಣದಲ್ಲ. ಅದನ್ನು ನೋಡಿಕೊಳ್ಳಲು ಜನ ಬೇಕು. ಒಂದೇ ಪ್ರಶ್ನೆಯನ್ನು ಸಾವಿರಾರು ಜಾಬುಗಳು ಒಟ್ಟಿಗೆ ಕೇಳುತ್ತವೆ. ಸಿಎಂಎಸ್, ಅಟ್ಲಾಸ್ ಎರಡೂ ಇದಕ್ಕಾಗಿ ಫ್ರಾಂಟಿಯರ್ ವ್ಯವಸ್ಥೆ ಇಟ್ಟು, ದಾರಿಯಲ್ಲಿ ಸ್ಕ್ವಿಡ್ ಕ್ಯಾಶುಗಳನ್ನು (ಒಮ್ಮೆ ಬಂದ ಉತ್ತರವನ್ನು ಇಟ್ಟುಕೊಂಡು ಮತ್ತೆ ಕೇಳಿದವರಿಗೆ ಕೊಡುವ ಸರ್ವರುಗಳು) ಕೂರಿಸಿದವು. ಕೇಬಲ್ ಬದಲಿಸಿದವರು ನೇರವಾಗಿ ಡೇಟಾಬೇಸಿಗೆ ಬರೆಯುವುದಿಲ್ಲ, ಮಧ್ಯೆ ಒಬ್ಬರು ಬೇಕಾಗುತ್ತಾರೆ. ಆ ಮಧ್ಯದವರು ರಜೆಯಲ್ಲಿದ್ದರೆ ಬದಲಾವಣೆ ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ. ಹಳೆಯ ಅವಧಿಯ ದಾಖಲೆಯನ್ನು ಸದ್ದಿಲ್ಲದೆ ತಿದ್ದಲು ಬಿಡುವ ಡೇಟಾಬೇಸಂತೂ ಟೆಕ್ಸ್ಟ್ ಫೈಲಿಗಿಂತ ಅಪಾಯ. ಬರೆದದ್ದನ್ನು ಅಳಿಸುವ ಹಾಗಿರಬಾರದು, ಹೊಸ ಟ್ಯಾಗಿನಲ್ಲಿ ಮಾತ್ರ ತಿದ್ದುವ ಹಾಗಿರಬೇಕು.

ನಡುವಿನ ದಾರಿಯೂ ಇದೆ. ಸರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗ ಇಂಥ ಮಾಹಿತಿಯನ್ನು ಗಿಟ್ ರೆಪಾಸಿಟರಿಯಲ್ಲೇ, ಅವಧಿಯ ಲೆಕ್ಕದ ಜೊತೆ ಇಟ್ಟುಕೊಂಡಿತು. ಮಧ್ಯಮ ಗಾತ್ರದ ಪ್ರಯೋಗಕ್ಕೆ ನಾನು ಮೊದಲು ಹೇಳುವುದು ಇದನ್ನೇ. ಓದಲು ಟೆಕ್ಸ್ಟು, ಇತಿಹಾಸಕ್ಕೆ ಗಿಟ್ಟು, ಕಾಲಕ್ಕೆ ಅವಧಿ.

ತನ್ನ ಗುರುತು ತಾನೇ ಹೇಳುವ ಹಾರ್ಡ್‌ವೇರ್

ದಕ್ಷಿಣ ಧ್ರುವದ ನ್ಯೂಟ್ರಿನೊ ಡಿಟೆಕ್ಟರ್ ಐಸ್‌ಕ್ಯೂಬ್‌ನ ಮೂಲ ಜೋಡಣೆಯಲ್ಲಿ 86 ಕೇಬಲ್ಲುಗಳಲ್ಲಿ ತಲಾ 60ರಂತೆ 5,160 ಬೆಳಕಿನ ಸೆನ್ಸರುಗಳು ಮಂಜುಗಡ್ಡೆಯೊಳಗೆ ಇವೆ. ಪ್ರತಿಯೊಂದರ ಮುಖ್ಯ ಬೋರ್ಡಿಗೂ 12 ಹೆಕ್ಸ್ ಅಂಕಿಯ ಸ್ವಂತ ಗುರುತಿದೆ. ಕೇಳಿದರೆ ತಾನೇ ಹೇಳುತ್ತದೆ. ಮೇಲೆ ಕೇಬಲ್ ಎಲ್ಲಿಗೆ ಚುಚ್ಚಿದರೂ ಸೆನ್ಸರ್ ಯಾವುದು ಎಂಬುದರಲ್ಲಿ ಗೊಂದಲವಿಲ್ಲ. ಪಟ್ಟಿ ಆಗಲೂ ಬೇಕು, ಆ ಗುರುತಿನಿಂದ ಕೇಬಲ್ ನಂಬರು, ಅದರಲ್ಲಿ ಎಷ್ಟನೆಯದು ಎಂದು ಹೇಳಲು. ಆದರೆ ಮಂಜಿನಲ್ಲಿ ಹೆಪ್ಪುಗಟ್ಟಿದ ಸೆನ್ಸರ್ ಜಾಗ ಬಿಟ್ಟು ಹೋಗುವುದಿಲ್ಲ, ಆ ಪಟ್ಟಿ ಬದಲಾಗುವುದಿಲ್ಲ.

ಬೋರ್ಡಿನಲ್ಲಿ ಒಂದು ಸೀರಿಯಲ್ ಚಿಪ್ ಇಡುವುದಕ್ಕೆ ಅವಕಾಶ ಇದ್ದರೆ ಖಂಡಿತ ಇಡಿ. ಮ್ಯಾಪಿಗಷ್ಟೇ ಅಲ್ಲ, ಕ್ಯಾಲಿಬ್ರೇಷನ್ನಿಗೂ ಇದು ದೊಡ್ಡ ಉಪಕಾರ. ಪೆಡಸ್ಟಲ್ (ಸಿಗ್ನಲ್ ಇಲ್ಲದಾಗಲೂ ಬರುವ ಎಣಿಕೆ), ಗೇನ್ (ಸಿಗ್ನಲ್ಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವುದು) ಬೋರ್ಡಿನ ಗುಣ. ಜಾಗ ಡಿಟೆಕ್ಟರಿನ ಗುಣ. ಮನೆ ನಂಬರು ಅದೇ ಇರುತ್ತದೆ, ಬಾಡಿಗೆಗೆ ಇರುವವರು ಬದಲಾಗುತ್ತಾರೆ. ಬೋರ್ಡ್ ಬದಲಿಸಿದಾಗ ಹಳೆಯ ಬೋರ್ಡಿನ ಗೇನ್ ಹೊಸದಕ್ಕೆ ಅಂಟಿಕೊಂಡು ಉಳಿಯಬಾರದು. ಸೀರಿಯಲ್ ನಂಬರಿಗೆ ಕಟ್ಟಿದ್ದರೆ ಆ ಸಮಸ್ಯೆಯೇ ಇಲ್ಲ.

ಮ್ಯಾಪ್ ಹಚ್ಚುವುದು ಯಾವಾಗ

ಇದು ಎಲ್ಲಿಡುವುದು ಎಂಬುದರಷ್ಟೇ ಮುಖ್ಯ. ಡೇಟಾ ಬರೆಯುವ ಹೊತ್ತಿಗೇ ಚಾನೆಲ್‌ಗಳನ್ನು ಭೌತಶಾಸ್ತ್ರದ ಕ್ರಮಕ್ಕೆ ತಿರುಗಿಸಿಬಿಟ್ಟರೆ ಆಮೇಲೆ ಎಲ್ಲರಿಗೂ ಸುಲಭ ಎಂದು ತೋರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಡಿಸ್ಕಿಗೆ ಹೋಗುವ ಕಚ್ಚಾ ಡೇಟಾ ವಿದ್ಯುತ್ತಿನ ವಿಳಾಸದಲ್ಲೇ ಇರಲಿ. ಮ್ಯಾಪ್ ತಪ್ಪಿತ್ತು ಅಂತ ಆರು ತಿಂಗಳ ಮೇಲೆ ಗೊತ್ತಾದರೆ, ಸರಿ ಮ್ಯಾಪ್ ಹಾಕಿ ಇನ್ನೊಮ್ಮೆ ಓಡಿಸಬಹುದು. ಮೊದಲೇ ತಿರುಗಿಸಿದ್ದರೆ, ಆವತ್ತು ಯಾವ ತಪ್ಪು ಮ್ಯಾಪ್ ಹಚ್ಚಿದ್ದರು ಎಂದು ಪತ್ತೆಮಾಡಿ, ಅದನ್ನು ಬಿಚ್ಚಿ, ಆಮೇಲೆ ಹೊಸದು ಹಾಕಬೇಕು. ಯಾವ ಘಟನೆಯ ಡೇಟಾ ಉಳಿಸಬೇಕು ಎಂದು ಆರಿಸುವ ಟ್ರಿಗರಿಗೆ ಫರ್ಮ್‌ವೇರಿನಲ್ಲೇ (ಹಾರ್ಡ್‌ವೇರಿನೊಳಗಿನ ಪ್ರೋಗ್ರಾಂ) ಜಾಗದ ಅರಿವು ಬೇಕಾದರೆ ಅದು ಬೇರೆ ಮಾತು. ಆಗಲೂ ಆ ಪಟ್ಟಿ ಅದೇ ಮೂಲ ಫೈಲಿನಿಂದ ಸ್ಕ್ರಿಪ್ಟಿನಲ್ಲಿ ತಯಾರಾಗಬೇಕು, ಕೈಯಲ್ಲಿ ಬರೆದದ್ದಾಗಿರಬಾರದು.

ಯಾವ ದಾರಿ ಹಿಡಿದರೂ ಪರೀಕ್ಷೆ ಹೀಗೆ

128 ಚಾನೆಲ್ಲಿನ ಒಂದು ಬೋರ್ಡಿನ ಕನೆಕ್ಟರ್ ತಲೆಕೆಳಗಾಗಿ ಕೂತಿದೆ ಅಂದುಕೊಳ್ಳಿ. 0 ಹೋಗಿ 127ರಲ್ಲಿ ಕಾಣುತ್ತದೆ, 127 ಹೋಗಿ 0ರಲ್ಲಿ. ನಡುವಿನ 63 ಮತ್ತು 64 ಬರೀ ಪರಸ್ಪರ ಜಾಗ ಬದಲಿಸಿರುತ್ತವೆ. ಚಾನೆಲ್‌ಗಳಲ್ಲಿ ಎಷ್ಟು ಸಲ ಸಿಗ್ನಲ್ ಬಂತು ಎಂಬ ಹಿಸ್ಟೋಗ್ರಾಂ ನೋಡಿದರೆ ಏನೂ ತಿಳಿಯುವುದಿಲ್ಲ, ಯಾಕೆಂದರೆ ಆಕಾಶದಿಂದ ಬರುವ ಮ್ಯೂಆನ್‌ಗಳು ಎಲ್ಲ ಕಡೆ ಹೆಚ್ಚುಕಡಿಮೆ ಸಮನಾಗಿ ಬೀಳುತ್ತವೆ. ಈವೆಂಟ್ ಡಿಸ್‌ಪ್ಲೇ, ಅಂದರೆ ಕಣ ಹಾದುಹೋದ ಗೆರೆಯ ಚಿತ್ರ ನೋಡಿ. ಓರೆಯಾಗಿ ನೇರ ಹೋಗುತ್ತಿದ್ದ ಗೆರೆ ಆ ಬೋರ್ಡಿನ ಅಗಲದಷ್ಟು ಜಾಗದಲ್ಲಿ ಮಾತ್ರ ಎದುರು ದಿಕ್ಕಿಗೆ ಓರೆಯಾಗಿ, ಅಂಚಿನಲ್ಲಿ ಹಾರಿ, ಮತ್ತೆ ಹಳೆಯ ಗೆರೆಗೆ ಸೇರುತ್ತದೆ.

ಅಕ್ಕಪಕ್ಕದ ಸಮ, ಬೆಸ ಚಾನೆಲ್‌ಗಳು ಅದಲುಬದಲಾಗಿದ್ದರೆ ಕಣ್ಣಿಗೂ ಕಾಣುವುದಿಲ್ಲ. ಗೆರೆ ಸ್ವಲ್ಪ ಒರಟಾಗಿದೆ ಅನ್ನಿಸುತ್ತದೆ, ಅಷ್ಟೇ. ಆಗ ಗೆರೆಯಿಂದ ಪ್ರತಿ ಚಾನೆಲ್ ಎಷ್ಟು ದೂರ ಸರಿದಿದೆ ಎಂದು ಬಿಡಿಸಿ ನೋಡಬೇಕು. ಒಂದು ಬಿಟ್ಟು ಒಂದು, ಆ ಕಡೆ ಈ ಕಡೆ ಒಂದೊಂದು ಚಾನೆಲ್ಲಿನಷ್ಟು ಸರಿದಿದ್ದರೆ ಕಾರಣ ಇದೇ.

ಕಣವೇ ಬೇಡದ ಪರೀಕ್ಷೆಯೂ ಇದೆ. ಒಂದೇ ಚಿಪ್ಪಿನ 16 ಚಾನೆಲ್‌ಗಳ ಗದ್ದಲ ಒಟ್ಟಿಗೆ ಏರಿಳಿಯುವುದುಂಟು. ಗದ್ದಲದ ಸಹಸಂಬಂಧವನ್ನು ಚಾನೆಲ್‌ಗಳ ಚೌಕದಲ್ಲಿ ಬಿಡಿಸಿದರೆ ಕರ್ಣದ ಮೇಲೆ 16ರ ಚೌಕಗಳು ಸಾಲಾಗಿ ಕಾಣುತ್ತವೆ. ನಿಮ್ಮ ಮ್ಯಾಪ್ ಹೇಳುವ ಚಿಪ್ಪಿನ ಗಡಿ ಆ ಚೌಕಗಳ ಗಡಿಗೆ ಹೊಂದದಿದ್ದರೆ ಎಲ್ಲೋ ಎಡವಟ್ಟಾಗಿದೆ. ಕೃತಕ ಸಿಗ್ನಲ್ ಹಾಕಿ ನೋಡುವ ಪಲ್ಸರ್ ಪರೀಕ್ಷೆ ಒಳ್ಳೆಯದೇ, ಆದರೆ ಪಲ್ಸ್ ಎಲ್ಲಿಂದ ಒಳಹೋಗುತ್ತದೆ ನೋಡಿಕೊಳ್ಳಿ. ಬೋರ್ಡಿನೊಳಗೇ ಹಾಕಿದರೆ ಡಿಟೆಕ್ಟರಿನಿಂದ ಬೋರ್ಡಿಗೆ ಬರುವ ಕೇಬಲ್ಲಿನ ಬಗ್ಗೆ ಅದು ಒಂದು ಮಾತೂ ಹೇಳುವುದಿಲ್ಲ.

ಇನ್ನು ಆಯ್ಕೆ. ಮೇಜಿನ ಮೇಲಿನ ಕೆಲವು ನೂರು ಚಾನೆಲ್ಲಿನ ಪರೀಕ್ಷೆಗೆ ಒಂದು ಟೆಕ್ಸ್ಟ್ ಫೈಲು ಸಾಕು, ಸೂತ್ರದ ಗೋಜೂ ಬೇಡ. ಸಾವಿರಗಳಲ್ಲಿ ಚಾನೆಲ್ ಇದ್ದು, ಕೆಲವು ವರ್ಷ ಓಡುವ ಪ್ರಯೋಗವಾದರೆ ಬೋರ್ಡಿನೊಳಗಿನದ್ದಕ್ಕೆ ಸೂತ್ರ, ಕೇಬಲ್ಲಿಗೆ ಗಿಟ್‌ನಲ್ಲಿ ಪಟ್ಟಿ, ಪಟ್ಟಿಗೆ ಅವಧಿ. ಲಕ್ಷ ದಾಟಿ, ನೂರಾರು ಜನ ಬೇರೆ ಬೇರೆ ಊರುಗಳಿಂದ ಅದೇ ಡೇಟಾ ಓದುವುದಾದರೆ ಮಾತ್ರ ಡೇಟಾಬೇಸ್, ಅದೂ ನೋಡಿಕೊಳ್ಳುವ ಇಬ್ಬರ ಹೆಸರು ತೀರ್ಮಾನವಾದ ಮೇಲೆ. ಫೈಲಿನಿಂದ ಡೇಟಾಬೇಸಿಗೆ ಹೋಗುವಾಗ ಎರಡನ್ನೂ ಸ್ವಲ್ಪ ಕಾಲ ಒಟ್ಟಿಗೆ ಓಡಿಸಿ. ಪ್ರತಿ ರಾತ್ರಿ ಒಂದು ಸ್ಕ್ರಿಪ್ಟು ಎರಡರಿಂದಲೂ ಪ್ರತಿ ಚಾನೆಲ್ಲಿನ ಉತ್ತರ ಕೇಳಲಿ. ಆಫ್‌ಲೈನ್ ಗುರುತಿನಿಂದ ವಾಪಸ್ ಬಂದಾಗ ಹೊರಟ ಚಾನೆಲ್ಲೇ ಸಿಗುತ್ತದೆಯೇ ನೋಡಲಿ. ಒಂದೇ ತಂತಿಯನ್ನು ಎರಡು ಚಾನೆಲ್ ತನ್ನದು ಎನ್ನುತ್ತಿವೆಯೇ ನೋಡಲಿ. ಒಂದು ಕೇಬಲ್ ಬದಲಾವಣೆಯಾದರೂ ಆ ಅವಧಿಯಲ್ಲಿ ನಡೆದು, ಎರಡೂ ಕಡೆ ಒಂದೇ ಉತ್ತರ ಬಂದ ಮೇಲೆ ಫೈಲನ್ನು ನಿಲ್ಲಿಸಿ.